ಮೊದಲು ನೆರಳು, ಆಮೇಲೆ ಪೆನ್ನು: ಹೊಯ್ಸಳ ಗುಡಿಯ ಇಪ್ಪತ್ತು ನಿಮಿಷದ ಸ್ಕೆಚ್

ಹೊಯ್ಸಳ ಗುಡಿಯನ್ನು ಸ್ಥಳದಲ್ಲೇ ಕೂತು ಇಪ್ಪತ್ತು ನಿಮಿಷದಲ್ಲಿ ಮುಗಿಸಲು ಆಗುವುದಿಲ್ಲ ಎಂದು ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಪೆನ್ಸಿಲ್‌ನಲ್ಲಿ ಅಳತೆ ಹಾಕುವಷ್ಟರಲ್ಲೇ ಬಿಸಿಲು ತಿರುಗಿರುತ್ತದೆ, ಅಲ್ವಾ? ನಾನು ಪೆನ್ಸಿಲ್ಲನ್ನೇ ಬಿಟ್ಟು ನೇರ ಜಲವರ್ಣದಲ್ಲೇ ಶುರು ಮಾಡಿದೆ. ಈಗ ಹಳೇಬೀಡು, ಬೇಲೂರು, ಸೋಮನಾಥಪುರದ್ದೇ ಒಂದು ಕಟ್ಟು ಸ್ಕೆಚ್ ಆಗಿದೆ. ಆಗಲ್ಲ ಎಂದವರೇ ಈಗ ಹೇಗೆ ಎಂದು ಕೇಳುತ್ತಿದ್ದಾರೆ.

ಮೊದಲು ನೆರಳು. ಆ ಗೋಡೆಗಳು ಮೂಲೆ ಮೂಲೆಯಾಗಿ ಮುಂದೆ ಬಂದು ಹಿಂದೆ ಹೋಗುತ್ತವೆ. ಪಕ್ಕದಿಂದ ಬಿಸಿಲು ಬಿದ್ದರೆ ಪ್ರತಿ ಮಡಿಕೆಗೂ ಒಂದು ಕಪ್ಪು ಪಟ್ಟಿ. ಮುಕ್ಕಾಲು ಇಂಚಿನ ಫ್ಲ್ಯಾಟ್ ಬ್ರಷ್ಷಿನಲ್ಲಿ ಆ ಪಟ್ಟಿಗಳನ್ನಷ್ಟೇ ಎಳೆದರೆ ಅರ್ಧ ಗುಡಿ ಎದ್ದು ನಿಂತಿರುತ್ತದೆ. ನೆರಳಿಗೆ ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಕಂದು ಎಲ್ಲರೂ ಬೆರೆಸುತ್ತಾರೆ. ಬಳಪದ ಕಲ್ಲಿನ ಆ ಹಸಿರು ಛಾಯೆಗೆ ನಾನು ಸೇರಿಸುವ ಮೂರನೇ ಬಣ್ಣ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹಳೇಬೀಡಿಗೆ ಮಧ್ಯಾಹ್ನ ಮೂರರ ಮೇಲೆ ಹೋಗಿ. ಹೊಯ್ಸಳೇಶ್ವರದ ಬಾಗಿಲು ಪೂರ್ವಕ್ಕೆ, ಮೂರ್ತಿಗಳು ತುಂಬಿದ ಗೋಡೆ ಪಶ್ಚಿಮಕ್ಕೆ. ಬೆಳಿಗ್ಗೆ ಅದು ಬರೀ ಬೂದು. ತಳದಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ ಎಂದು ಸಾಲು ಮೇಲೆ ಸಾಲು ಇದೆಯಲ್ಲ, ಎಲ್ಲವನ್ನೂ ಬರೆಯಲು ಹೋಗಬೇಡಿ. ಎರಡು ಆನೆ ಸರಿಯಾಗಿ ಬರೆದು ಉಳಿದವಕ್ಕೆ ಬೆನ್ನಿನ ಗೆರೆ ಎಳೆದರೆ ಸಾಕು.

ದುಡ್ಡು ಹೋಗಿದ್ದೆಲ್ಲ ಕಾಗದಕ್ಕೆ. ಅಗ್ಗದ ಕಾಗದ ನೀರು ಬಿದ್ದ ಕೂಡಲೇ ಉಬ್ಬಿ, ನೆರಳಿನ ಬಣ್ಣ ಗುಂಡಿಯಲ್ಲಿ ನಿಂತು ಕಲೆಯಾಗುತ್ತಿತ್ತು. ಎರಡು ಪ್ಯಾಡ್ ಹಾಗೇ ಹಾಳಾದವು, ಸಾವಿರದ ಹತ್ತಿರ ಹೋಯಿತು. ಈಗ 300 ಜಿಎಸ್‌ಎಂನ ದಪ್ಪ ಕಾಟನ್ ಕಾಗದದ ಶೀಟು ತಂದು ಎಂಟು ತುಂಡು ಮಾಡುತ್ತೇನೆ, ಒಂದಕ್ಕೆ ಐವತ್ತು ಅರವತ್ತು ರೂಪಾಯಿ ಬೀಳುತ್ತದೆ.

ಪಟ್ಟದಕಲ್ಲಿನಲ್ಲಿ ಇದೇ ದಾರಿ ಕೈಕೊಟ್ಟಿತು. ಅಲ್ಲಿ ಗಳಗನಾಥ ಗುಡಿಯ ಬಾಗಿದ ಶಿಖರ, ಪಕ್ಕದಲ್ಲೇ ಸಂಗಮೇಶ್ವರ ಗುಡಿಯ ಮೆಟ್ಟಿಲು ಮೆಟ್ಟಿಲಾದ ಶಿಖರ. ಅಂದ ಇರುವುದು ಆ ಎರಡು ಆಕಾರಗಳಲ್ಲಿ. ಅದಕ್ಕೇ ಆಕಾಶವನ್ನು ಮೊದಲು ಬಳಿದು ಶಿಖರಗಳನ್ನು ಬಿಳಿಯಾಗೇ ಬಿಟ್ಟೆ, ಕಲ್ಲಿನ ಕೆಂಪು ಆಮೇಲೆ. ಏಪ್ರಿಲ್ ಬಿಸಿಲಿಗೆ ಬಣ್ಣ ಬ್ರಷ್ ಎತ್ತುವ ಮುಂಚೆಯೇ ಒಣಗುತ್ತಿತ್ತು. ಲೋಟ ನೀರಿಗೆ ನಾಲ್ಕೈದು ಹನಿ ಗ್ಲಿಸರಿನ್ ಹಾಕಿದ ಮೇಲೆ ಕೈಗೆ ಸಿಕ್ಕಿತು. ಜಾಸ್ತಿಯಾದರೆ ಹಾಳೆಗೆ ಹಾಳೆ ಅಂಟಿಕೊಳ್ಳುತ್ತದೆ.

ಪೆನ್ನಿನ ಗೆರೆ ಕೊನೆಗೆ. ಬಣ್ಣ ಮೊದಲೇ ಬೀಳುವುದರಿಂದ ದುಬಾರಿ ವಾಟರ್‌ಪ್ರೂಫ್ ಇಂಕೂ ಬೇಕಿಲ್ಲ, ಸಾದಾ ಇಂಕ್ ಪೆನ್ನು ನಡೆಯುತ್ತದೆ. ಕಾಗದ ಪೂರ್ತಿ ಒಣಗಿರಬೇಕು ಅಷ್ಟೇ. ಬೆರಳಿನ ಹಿಂಭಾಗದಿಂದ ಮುಟ್ಟಿ ನೋಡಿ, ತಣ್ಣಗಿದ್ದರೆ ಒಳಗೆ ಇನ್ನೂ ತೇವ ಇದೆ.