ಎರಡನೇ ಸಲ ಬರೆಸಿ: ಪದವಿ ಮೊದಲ ವರ್ಷದವರಿಗೆ ಬರವಣಿಗೆ ಕಲಿಸುವ ಬಗೆ

ಪಿಯುಸಿ ಮುಗಿಸಿ ಪದವಿಗೆ ಬಂದ ಹುಡುಗ ಹುಡುಗಿಯರಿಗೆ ಮೊದಲ ವಾರವೇ ಒಂದು ಪ್ರಬಂಧ ಬರೆಯಲು ಹೇಳಿ ನೋಡಿ. ವಿಷಯ ಏನೇ ಇರಲಿ, ಅರ್ಧಕ್ಕರ್ಧ ಹಾಳೆಗಳು ‘ಇಂದಿನ ಆಧುನಿಕ ಯುಗದಲ್ಲಿ’ ಎಂದೇ ಶುರುವಾಗುತ್ತವೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ತಲೆಬರಹ, ಮೂರಕ್ಕೂ ಸ್ಕೇಲಿಟ್ಟು ಎಳೆದ ಅಡಿಗೆರೆ. ಕೊನೆಗೆ ‘ಆದ್ದರಿಂದ ನಾವೆಲ್ಲರೂ’ ಎಂದು ಒಂದು ಕರೆ. ಮಕ್ಕಳನ್ನು ದೂರುವಂತಿಲ್ಲ. ಹೈಸ್ಕೂಲಿನಿಂದ ಈ ಅಚ್ಚಿಗೇ ಅಂಕ ಸಿಕ್ಕಿದೆ, ಗೈಡುಗಳಲ್ಲಿ ಇರುವುದೂ ಇದೇ.

ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ನಾನು ಬಹಳ ವರ್ಷ ಈ ಹಾಳೆಗಳನ್ನು ಮನೆಗೆ ಹೊತ್ತು ತಂದು, ಒಂದೊಂದು ಒತ್ತಕ್ಷರಕ್ಕೂ ಕೆಂಪು ಸುತ್ತು ಹಾಕಿ ವಾಪಸು ಕೊಡುತ್ತಿದ್ದೆ. ಅವರು ಅಂಕ ನೋಡಿ ಹಾಳೆ ಮಡಿಸಿಡುತ್ತಿದ್ದರು. ಮುಂದಿನ ತಿಂಗಳು ಅದೇ ತಪ್ಪು, ಅದೇ ಆಧುನಿಕ ಯುಗ. ತಿದ್ದುವ ಕೆಲಸವೆಲ್ಲ ನಾನೇ ಮಾಡಿದರೆ ಅವರಿಗೆ ಕಲಿಯಲು ಏನು ಉಳಿಯಿತು? ಅಲ್ಲಿಂದ ದಾರಿ ಬದಲಿಸಿದೆ. ಈಗ ನನ್ನ ತರಗತಿಯಲ್ಲಿ ನಡೆಯುವುದನ್ನು ಕ್ರಮವಾಗಿ ಹೇಳುತ್ತೇನೆ. ಎಪ್ಪತ್ತು ಮಕ್ಕಳಿರುವ ಕೋಣೆಯಲ್ಲೂ ಇದು ಆಗುತ್ತದೆ.

ಹೆಜ್ಜೆ 1: ಹತ್ತು ನಿಮಿಷ, ಪೆನ್ನು ನಿಲ್ಲಬಾರದು

ವಾರಕ್ಕೆ ಸಿಗುವ ಭಾಷಾ ಪಿರಿಯಡ್‌ಗಳಲ್ಲಿ ಒಂದನ್ನು ಬರವಣಿಗೆಗೇ ಮೀಸಲಿಡಿ. ಆ ದಿನ ಮೊದಲ ಹತ್ತು ನಿಮಿಷ ಎಲ್ಲರೂ ಬರೆಯುತ್ತಲೇ ಇರಬೇಕು. ಏನೂ ಹೊಳೆಯದಿದ್ದರೆ ‘ಏನೂ ಹೊಳೆಯುತ್ತಿಲ್ಲ’ ಎಂದೇ ಬರೆಯಲಿ. ಹೊಡೆದು ಹಾಕುವುದು ಬೇಡ, ಹಿಂದೆ ತಿರುಗಿ ಓದುವುದೂ ಬೇಡ. ‘ಬತ್ತಾವ್ರೆ’ ಎಂದು ಬಂದರೆ ಹಾಗೇ ಇರಲಿ, ‘ಹೊಂಟಾನ’ ಎಂದು ಬಂದರೂ ಇರಲಿ. ಈ ಹಾಳೆಯನ್ನು ನೀವು ಇಸಿದುಕೊಳ್ಳುವುದಿಲ್ಲ ಎಂದು ಮೊದಲೇ ಮಾತು ಕೊಡಿ, ಆ ಮಾತಿಗೆ ತಪ್ಪಬೇಡಿ. ನಾನು ಕೂಡ ಅವರ ಜೊತೆ ಕೂತು ಬರೆಯುತ್ತೇನೆ. ಅಮೆರಿಕದ ಕಾಲೇಜು ಮೇಷ್ಟ್ರು ಪೀಟರ್ ಎಲ್ಬೋ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಅಭ್ಯಾಸ ಇದು.

ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಈ ಮಕ್ಕಳು ದಿನವಿಡೀ ಬರೆಯುತ್ತಾರೆ, ಆದರೆ ಮೊಬೈಲಿನಲ್ಲಿ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ. ಕೈಗೆ ಕನ್ನಡ ಲಿಪಿಯ ಓಟವೇ ತಪ್ಪಿರುತ್ತದೆ. ಮೊದಲ ಮೂರು ನಾಲ್ಕು ವಾರ ಕೈ ಪಳಗಿದರೂ ಸಾಕು.

ಹೆಜ್ಜೆ 2: ವಿಷಯ ಚಿಕ್ಕದಿರಲಿ, ಓದುವವರು ಯಾರೆಂದು ಗೊತ್ತಿರಲಿ

‘ಪರಿಸರ ಮಾಲಿನ್ಯ’, ‘ರಾಷ್ಟ್ರೀಯ ಭಾವೈಕ್ಯ’ ಇಂಥ ವಿಷಯ ಕೊಟ್ಟರೆ ಗೈಡಿನ ವಾಕ್ಯಗಳೇ ಬರುತ್ತವೆ, ಯಾಕೆಂದರೆ ಹದಿನೆಂಟರ ಹುಡುಗನಿಗೆ ಅದರ ಬಗ್ಗೆ ಸ್ವಂತವಾಗಿ ಹೇಳಲು ಏನೂ ಇರುವುದಿಲ್ಲ. ನಾನು ಕೊಡುವ ಮೊದಲ ಕೆಲಸ ಇದು: ‘ನಿಮ್ಮ ಮನೆಗೆ ದುಡ್ಡು ತರುವ ಕೆಲಸ ಹೇಗೆ ನಡೆಯುತ್ತದೆ? ಅದನ್ನು ಎಂದೂ ನೋಡಿರದ, ನಿಮ್ಮ ಪಕ್ಕದ ಬೆಂಚಿನವರಿಗೆ ತಿಳಿಯುವ ಹಾಗೆ ಒಂದು ಪುಟ ಬರೆಯಿರಿ.’ ಪಕ್ಕದ ಬೆಂಚಿನವರು ಎಂಬ ಮಾತು ಮುಖ್ಯ. ಓದುವವರ ಮುಖ ಕಣ್ಣೆದುರು ಬಂದರೆ ವಾಕ್ಯದ ದನಿಯೇ ಬೇರೆಯಾಗುತ್ತದೆ.

ಪಠ್ಯದ ಪಾಠಕ್ಕೂ ಇದು ಹೊಂದುತ್ತದೆ. ‘ಕವಿಯ ಆಶಯವನ್ನು ವಿವರಿಸಿ’ ಎನ್ನುವ ಬದಲು ‘ಈ ಪದ್ಯದ ಯಾವ ಸಾಲು ನಿಮಗೆ ಅರ್ಥವಾಗಲಿಲ್ಲ, ಎಲ್ಲಿ ಸಿಕ್ಕಿಬಿದ್ದಿರಿ’ ಎಂದು ಕೇಳಿ.

ಹೆಜ್ಜೆ 3: ತಪ್ಪು ಹುಡುಕಬೇಡಿ, ಪ್ರಶ್ನೆ ಕೇಳಿ

ಎಲ್ಲ ಹೆಜ್ಜೆಗಳಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಇದು. ರೇಷ್ಮೆ ಬೆಳೆಯುವ ಮನೆಯ ಹುಡುಗಿಯೊಬ್ಬಳು ಬರೆದ ಮೊದಲ ಹಾಳೆ ಹೀಗಿತ್ತು:

‘ರೇಷ್ಮೆ ಕೃಷಿಯು ರೈತರ ಜೀವನಾಡಿಯಾಗಿದೆ. ಇದರಿಂದ ಅನೇಕ ಉದ್ಯೋಗಾವಕಾಶಗಳು ಸೃಷ್ಟಿಯಾಗುತ್ತವೆ. ನಮ್ಮ ತಂದೆಯವರು ಸಹ ರೇಷ್ಮೆ ಕೃಷಿಯನ್ನು ಮಾಡುತ್ತಿದ್ದಾರೆ.’

ಒಂದು ಕಾಗುಣಿತವೂ ತಪ್ಪಿಲ್ಲ. ಹಳೆಯ ನಾನಾಗಿದ್ದರೆ ‘ಉತ್ತಮ’ ಎಂದು ಬರೆದು ಹತ್ತಕ್ಕೆ ಎಂಟು ಹಾಕುತ್ತಿದ್ದೆ. ಈ ಸಲ ಹತ್ತಿರ ಕರೆದು ಕೇಳಿದೆ.

‘ಹೋದ ವಾರ ಎರಡು ದಿನ ಯಾಕೆ ಬರಲಿಲ್ಲಮ್ಮ?’

‘ಹುಳ ಜ್ವರ ಎದ್ದಿತ್ತು ಮೇಡಂ. ಸೊಪ್ಪು ಕುಯ್ಯೋಕೆ ಜನ ಸಿಗಲಿಲ್ಲ.’

‘ಹುಳಕ್ಕೆ ಜ್ವರ ಅಂದ್ರೆ ಏನು?’

‘ಪೊರೆ ಬಿಡೋದು ಮೇಡಂ. ನಾಲ್ಕು ಸಲ ಬಿಡುತ್ತೆ. ಜ್ವರಕ್ಕೆ ಕೂತಾಗ ಏನೂ ತಿನ್ನಲ್ಲ, ಎದ್ದ ಮೇಲೆ ತಡೆಯಕ್ಕಾಗಲ್ಲ.’

‘ಇದು ನಿನ್ನ ಹಾಳೇಲಿ ಯಾಕಿಲ್ಲ?’

ಅವಳಿಗೆ ನಿಜಕ್ಕೂ ಆಶ್ಚರ್ಯವಾಯಿತು. ‘ಇದನ್ನೆಲ್ಲ ಬರೀಬಹುದಾ ಮೇಡಂ?’ ಎಂದಳು. ಮುಂದಿನ ವಾರ ತಂದ ಹಾಳೆಯ ಒಂದು ಭಾಗ:

‘ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ರಾತ್ರಿ ಲೈಟ್ ಆರಿಸಿ ಮಲಗಿದರೆ ಹುಳದ ಮನೆಯಿಂದ ಸಣ್ಣಗೆ ಮಳೆ ಹುಯ್ದ ಹಾಗೆ ಸದ್ದು. ಆ ವಾರ ನಮ್ಮಮ್ಮ ಯಾರ ಮದುವೆಗೂ ಹೋಗುವುದಿಲ್ಲ. ನನಗೆ ಪರೀಕ್ಷೆ ಇದ್ದರೂ ಬೆಳಿಗ್ಗೆ ಒಂದು ಹೊರೆ ಸೊಪ್ಪು ಕೊಯ್ದು ಕೊಟ್ಟೇ ಬಸ್ಸಿಗೆ ಓಡಬೇಕು.’

ನಾನು ಸೇರಿಸಿದ್ದು ಒಂದು ಪದವೂ ಇಲ್ಲ, ಕೇಳಿದ್ದು ಮೂರು ಪ್ರಶ್ನೆ. ‘ಜೀವನಾಡಿ’ ಎಂಬ ಮಾತು ಮುಚ್ಚಿಟ್ಟಿದ್ದನ್ನು ‘ಜ್ವರ’ ಎಂಬ ಮನೆಯ ಮಾತು ತೆರೆದು ತೋರಿಸಿತು.

ಎಪ್ಪತ್ತು ಜನರನ್ನೂ ಹೀಗೆ ಕೂರಿಸಿಕೊಂಡು ಮಾತನಾಡಲು ಆಗುವುದಿಲ್ಲ, ನಿಜ. ಹಾಳೆಗೆ ಐದು ನಿಮಿಷವೆಂದರೂ ಎಪ್ಪತ್ತು ಹಾಳೆಗೆ ಸುಮಾರು ಆರು ಗಂಟೆ ಬೇಕು. ನಾನು ವಾರಕ್ಕೆ ಹದಿನೈದೇ ಹಾಳೆ ಓದುತ್ತೇನೆ, ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ. ಐದು ವಾರದೊಳಗೆ ಎಲ್ಲರ ಸರದಿಯೂ ಬರುತ್ತದೆ. ಪ್ರತಿ ಹಾಳೆಯ ಕೆಳಗೆ ಎರಡೇ ಸಾಲು ಬರೆಯುತ್ತೇನೆ: ನನಗೆ ಹಿಡಿಸಿದ ಒಂದು ಜಾಗ, ನನಗೆ ಗೊತ್ತಾಗದ ಒಂದು ಸಂಗತಿ. ಅಂಕ ಬೇಡ. ಅಂಕ ಕಂಡರೆ ಉಳಿದದ್ದನ್ನು ಓದುವುದಿಲ್ಲ.

ಹೆಜ್ಜೆ 4: ಜೋಡಿಯಲ್ಲಿ ಗಟ್ಟಿಯಾಗಿ ಓದಿಸಿ

ಉಳಿದ ಹಾಳೆಗಳನ್ನು ಮಕ್ಕಳೇ ನೋಡಿಕೊಳ್ಳಲಿ. ಇಬ್ಬಿಬ್ಬರು ಕೂತು, ಬರೆದವರು ಓದಬೇಕು, ಇನ್ನೊಬ್ಬರು ಕೇಳಬೇಕು. ಕೇಳಿದವರು ‘ಚೆನ್ನಾಗಿದೆ’ ಎನ್ನಬಾರದು. ಎಲ್ಲಿ ತಿಳಿಯಲಿಲ್ಲ, ಇನ್ನೇನು ಕೇಳಬೇಕೆನ್ನಿಸಿತು, ಇವೆರಡನ್ನೇ ಹೇಳಬೇಕು. ಸ್ವಂತ ಬಾಯಲ್ಲಿ ಓದುವಾಗಲೇ ಅರ್ಧ ತಪ್ಪು ಬರೆದವರ ಕಿವಿಗೆ ತಾನಾಗಿ ತಾಗುತ್ತದೆ.

ಹೆಜ್ಜೆ 5: ಕಾಗುಣಿತ, ವ್ಯಾಕರಣ ಈಗ

ಮಾತು ಗಟ್ಟಿಯಾದ ಮೇಲೆ ಅಕ್ಷರ ತಿದ್ದಬೇಕು, ಅದಕ್ಕೆ ಮುಂಚೆ ಬೇಡ. ತಿದ್ದುವಾಗಲೂ ತಪ್ಪಿನ ಹಿಂದಿನ ಕಾರಣ ಹುಡುಕಿ. ನ್ಯೂಯಾರ್ಕಿನ ಸಿಟಿ ವಿಶ್ವವಿದ್ಯಾಲಯ 1970ರಲ್ಲಿ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಬಾಗಿಲು ತೆರೆದಾಗ, ಮೀನಾ ಶಾನೆಸ್ಸಿ ಎಂಬ ಅಧ್ಯಾಪಕಿ ಸಾವಿರಾರು ಹೊಸ ವಿದ್ಯಾರ್ಥಿಗಳ ಬರಹಗಳನ್ನು ಕೂತು ಓದಿದರು. ಆ ತಪ್ಪುಗಳಿಗೆ ಒಂದು ತರ್ಕವಿದೆ, ಅವು ಸೋಮಾರಿತನದಿಂದ ಬಂದವಲ್ಲ ಎಂದು 1977ರಲ್ಲಿ ವಿವರವಾಗಿ ತೋರಿಸಿಕೊಟ್ಟರು.

ನಮ್ಮ ಮಕ್ಕಳಲ್ಲೂ ಹಾಗೇ. ‘ವಿಧ್ಯಾರ್ಥಿ’ ಎಂದು ಬರೆಯುವವರನ್ನು ನೋಡಿ. ಮಾತಿನಲ್ಲಿ ನಾವು ಮಹಾಪ್ರಾಣವನ್ನು ಹೆಚ್ಚಾಗಿ ಉಚ್ಚರಿಸುವುದೇ ಇಲ್ಲ. ಎಲ್ಲಿ ಬಿಟ್ಟುಹೋಗುತ್ತದೋ ಎಂಬ ಅಂಜಿಕೆಯಲ್ಲಿ ಬೇಡದ ಕಡೆಯೂ ಹಾಕುತ್ತಾರೆ. ಅದು ಅತಿ ಎಚ್ಚರದಿಂದ ಆದ ತಪ್ಪು. ‘ಅದ್ಯಾಪಕ’ ಎಂದು ಬರೆಯುವ ಪಕ್ಕದವರದು ಬಾಯಿಂದ ಬಂದ ತಪ್ಪು. ಒಂದೇ ಔಷಧ ಇಬ್ಬರಿಗೂ ನಡೆಯದು. ಮನೆಮಾತು ಉರ್ದು, ಲಂಬಾಣಿ, ತುಳು ಆಗಿರುವವರಲ್ಲಿ ಬೇರೆ ಬಗೆಯ ತಪ್ಪು ಬರಬಹುದು, ಅವನ್ನು ಬೇರೆಯಾಗಿಯೇ ನೋಡಿ.

ವಾಕ್ಯದ ವಿಷಯದಲ್ಲಿ ಒಂದೇ ಒಂದು ಅಭ್ಯಾಸ ಮಾಡಿಸುತ್ತೇನೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ವಾಕ್ಯ ಮೂರು ಸಾಲು ಉದ್ದವಾದರೆ ಅಲ್ಲಿಗೆ ಮುಟ್ಟುವ ಹೊತ್ತಿಗೆ ಕರ್ತೃ ಮರೆತುಹೋಗಿರುತ್ತದೆ. ‘ಸರ್ಕಾರವು ರೈತರಿಗೆ ಅನೇಕ ಯೋಜನೆಗಳು ಜಾರಿಗೆ ತಂದಿವೆ’ ಎಂಬ ವಾಕ್ಯ ಹುಟ್ಟುವುದು ಹೀಗೆ. ಎಡಗೈ ಬೆರಳು ಕರ್ತೃವಿನ ಮೇಲೆ, ಬಲಗೈ ಬೆರಳು ಕ್ರಿಯಾಪದದ ಮೇಲೆ ಇಟ್ಟು, ನಡುವಿನದನ್ನು ಬಿಟ್ಟು ಓದಲು ಹೇಳಿ: ‘ಸರ್ಕಾರವು ತಂದಿವೆ’. ತಪ್ಪು ಅವರೇ ಕಂಡುಹಿಡಿಯುತ್ತಾರೆ.

ಒಂದು ಹಾಳೆಯಲ್ಲಿ ಮೂರಕ್ಕಿಂತ ಹೆಚ್ಚು ತಪ್ಪು ಗುರುತಿಸಬೇಡಿ. ಆ ಮೂರನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡು, ಮುಂದಿನ ಹಾಳೆ ಕೊಡುವ ಮೊದಲು ಅವರೇ ಪರೀಕ್ಷಿಸಿಕೊಳ್ಳಲಿ.

ಹೆಜ್ಜೆ 6: ಅಂಕ ಎರಡೂ ಹಾಳೆಗೆ

ಆಂತರಿಕ ಅಂಕಕ್ಕೆ ಹೇಗೂ ಅಸೈನ್‌ಮೆಂಟ್ ಬೇಕು. ಮೊದಲ ಹಾಳೆ, ತಿದ್ದಿ ಬರೆದ ಹಾಳೆ ಎರಡನ್ನೂ ಒಟ್ಟಿಗೆ ಪಿನ್ ಮಾಡಿ ಕೊಡಲು ಹೇಳಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಏನು ಬದಲಾಯಿತು ಎನ್ನುವುದಕ್ಕೆ ಅಂಕ ಹಾಕಿ. ಮೊದಲ ಹಾಳೆಯನ್ನು ತರಗತಿಯಲ್ಲೇ, ಕೈಯಲ್ಲೇ ಬರೆಸಿ. ಚಾಟ್‌ಜಿಪಿಟಿಯಿಂದ ಇಳಿಸಿಕೊಂಡು ಬರುವ ಚಿಂತೆ ಇದರಿಂದ ಬಹುಪಾಲು ಕಡಿಮೆಯಾಗುತ್ತದೆ.

ಸೆಮಿಸ್ಟರ್ ಮುಗಿಯುವ ಮೊದಲು ಒಂದು ಹಾಳೆಯನ್ನಾದರೂ ಮನೆಯಲ್ಲಿ ಓದಿ ಹೇಳಿ ಬರಲು ತಿಳಿಸಿ. ರೇಷ್ಮೆ ಮನೆಯ ಹುಡುಗಿ ಹಾಗೆ ಓದಿದಳು. ‘ಹುಳ ಹಣ್ಣಾಗಿದೆ ಅಂತ ಗೊತ್ತಾಗೋದು ಹೆಂಗೆ ಅನ್ನೋದೇ ಬರೆದಿಲ್ವಲ್ಲಮ್ಮ, ಅದಿಲ್ದೆ ಚಂದ್ರಿಕೆಗೆ ಹೆಂಗೆ ಬಿಡ್ತಾರೆ?’ ಎಂದರಂತೆ ಅವರಪ್ಪ. ಹಣ್ಣಾದ, ಎಂದರೆ ಗೂಡು ಕಟ್ಟಲು ಸಿದ್ಧವಾದ ಹುಳವನ್ನು ಬಿಡುವ ತಟ್ಟಿಯೇ ಚಂದ್ರಿಕೆ. ಮೂರನೇ ಸಲ ಬರೆದುಕೊಂಡು ಬಂದಳು. ನಾನು ಹೇಳಿರಲಿಲ್ಲ.