ಕದನವಿರಾಮ ಕೈಕೊಟ್ಟ ಮೇಲೂ ಮತದಾನ: ಕಾಂಬೋಡಿಯಾದಲ್ಲಿ ನನ್ನ ಅನುಭವ

1992ರಲ್ಲಿ ವಿಶ್ವಸಂಸ್ಥೆಯ ಸ್ವಯಂಸೇವಕನಾಗಿ ನಾನು ಕಾಂಬೋಡಿಯಾಕ್ಕೆ ಹೋದೆ. ಕೊಂಪಾಂಗ್ ಚಾಮ್ ಪ್ರಾಂತ್ಯದ ಒಂದು ಜಿಲ್ಲೆಯಲ್ಲಿ ಚುನಾವಣೆ ನಡೆಸುವ ಕೆಲಸ. ಅದಕ್ಕೂ ಮುಂಚೆ ಕರ್ನಾಟಕದಲ್ಲಿ ಮತಗಟ್ಟೆ ಅಧಿಕಾರಿಯಾಗಿ ಡ್ಯೂಟಿ ಮಾಡಿದ್ದೆ. ನಮ್ಮಲ್ಲಿ ಮತದಾರರ ಪಟ್ಟಿ ಇರುತ್ತದೆ, ಶಾಲೆಯ ಕೋಣೆ ಇರುತ್ತದೆ, ಬಾಗಿಲಲ್ಲಿ ಪೊಲೀಸ್ ಇರುತ್ತಾರೆ. ಅಲ್ಲಿ ಪಟ್ಟಿಯಿಂದಲೇ ಶುರು ಮಾಡಬೇಕಿತ್ತು. ಅದೂ ಯುದ್ಧ ಪೂರ್ತಿ ನಿಲ್ಲದ ನೆಲದಲ್ಲಿ.

ಕಾಗದದ ಮೇಲೆ ಯುದ್ಧ ನಿಂತಿತ್ತು. 1991ರ ಅಕ್ಟೋಬರ್ 23ರಂದು ಪ್ಯಾರಿಸ್ಸಿನಲ್ಲಿ ನಾಲ್ಕೂ ಬಣಗಳು ಒಪ್ಪಂದಕ್ಕೆ ಸಹಿ ಹಾಕಿದ್ದವು: ಹುನ್ ಸೆನ್ ಸರ್ಕಾರ, ಹಿಂದಿನ ದೊರೆ ಸಿಹಾನೂಕ್ ಪರವಾದ ಫುನ್‌ಸಿನ್‌ಪೆಕ್, ಸೋನ್ ಸಾನ್ ಅವರ ಬಣ ಮತ್ತು ಪೋಲ್ ಪಾಟ್‌ನ ಕಮ್ಯುನಿಸ್ಟ್ ಗೆರಿಲ್ಲಾಗಳಾದ ಖಮೇರ್ ರೂಜ್. ಪ್ರತಿ ಬಣವೂ ತನ್ನ ಸೈನಿಕರನ್ನು ಶಿಬಿರಗಳಿಗೆ ಕಳಿಸಿ ಆಯುಧ ಒಪ್ಪಿಸಬೇಕು, ಶೇ. 70ರಷ್ಟು ಸೇನೆ ಕರಗಬೇಕು, ಆಮೇಲೆ ವಿಶ್ವಸಂಸ್ಥೆಯೇ ಮುಂದೆ ನಿಂತು ಚುನಾವಣೆ ಮಾಡಬೇಕು. ಯೋಜನೆ ಹೀಗಿತ್ತು. 1992ರ ಮೇ ಕೊನೆಯಲ್ಲಿ ಅಲ್ಲಿನ ವಿಶ್ವಸಂಸ್ಥೆ ಕಾರ್ಯಾಚರಣೆಯ ಮುಖ್ಯಸ್ಥ ಯಸುಶಿ ಅಕಾಶಿ ಮತ್ತು ಅದರ ಸೇನಾ ಮುಖ್ಯಸ್ಥ ಜನರಲ್ ಸ್ಯಾಂಡರ್ಸನ್ ಖಮೇರ್ ರೂಜ್ ಹಿಡಿತದಲ್ಲಿದ್ದ ಪೈಲಿನ್ ಕಡೆ ಹೊರಟರು. ಖಮೇರ್ ರೂಜ್ ಕಾವಲಿನವರು ರಸ್ತೆಗೆ ಅಡ್ಡ ಹಾಕಿದ್ದ ಒಂದು ಬಿದಿರಿನ ಗಳವನ್ನು ಎತ್ತಲಿಲ್ಲ. ಇಬ್ಬರೂ ವಾಪಸ್ ಬಂದರು. ಖಮೇರ್ ರೂಜ್ ಆಯುಧ ಕೊಡಲೇ ಇಲ್ಲ. ಅವರು ಕೊಡದ ಮೇಲೆ ಉಳಿದವರು ಯಾಕೆ ಕೊಟ್ಟಾರು? ನಿಶ್ಶಸ್ತ್ರೀಕರಣ ಅರ್ಧಕ್ಕೇ ನಿಂತಿತು.

ಆಗ ಚುನಾವಣೆಯನ್ನು ಮುಂದಕ್ಕೆ ಹಾಕಿ ಅಂದವರು ಬಹಳ ಜನ. ನಾನು ಅವರನ್ನು ಇವತ್ತಿಗೂ ಒಪ್ಪುವುದಿಲ್ಲ. ಮುಂದಕ್ಕೆ ಹಾಕಿದ್ದರೆ ಇಡೀ ದೇಶದ ಮತ ಆ ಬಿದಿರಿನ ಗಳದ ಹಿಂದೆ ಸಿಕ್ಕಿಕೊಳ್ಳುತ್ತಿತ್ತು. ವಿಶ್ವಸಂಸ್ಥೆ ತನ್ನ ಸೈನಿಕರ ಕೆಲಸವನ್ನೇ ಬದಲಾಯಿಸಿತು. ಬಣಗಳ ಆಯುಧ ಕಾಯುವುದು ಬಿಟ್ಟು ಮತದಾರರ ನೋಂದಣಿ ಮತ್ತು ಮತಗಟ್ಟೆಗಳನ್ನು ಕಾಯುವುದಕ್ಕೆ ನಿಂತರು. ಭಾರತದ ಒಂದು ಬೆಟಾಲಿಯನ್ ಕೂಡ ಆ ಪಡೆಯಲ್ಲಿತ್ತು. ಕದನವಿರಾಮ ದೇಶಕ್ಕೆಲ್ಲ ಆಗಲಿಲ್ಲ, ಸರಿ. ಮತಗಟ್ಟೆಯ ಸುತ್ತಲಾದರೂ ಆಗಲಿ ಎಂಬುದು ಲೆಕ್ಕಾಚಾರ.

ನೋಂದಣಿ 1992ರ ಅಕ್ಟೋಬರ್‌ನಿಂದ 1993ರ ಜನವರಿ ಕೊನೆಯವರೆಗೆ ನಡೆಯಿತು. ಕಾಲುಗಳ ಮೇಲೆ ನಿಂತ ಮರದ ಮನೆಗಳ ಕೆಳಗೆ, ಬೌದ್ಧ ದೇವಾಲಯದ ಅಂಗಳದಲ್ಲಿ ಮೇಜು ಹಾಕಿ ಕೂರುತ್ತಿದ್ದೆವು. ಹೆಸರು ಬರೆದು, ಫೋಟೊ ತೆಗೆದು, ಅಲ್ಲೇ ಪ್ಲಾಸ್ಟಿಕ್ ಹೊದಿಸಿ ಕಾರ್ಡ್ ಕೊಡುತ್ತಿದ್ದೆವು. ಎಷ್ಟೋ ಜನಕ್ಕೆ ಅದು ಬದುಕಿನಲ್ಲಿ ಮೊದಲ ಫೋಟೊ. ದೇಶದಲ್ಲಿ ಒಟ್ಟು 46 ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ಬರೆಸಿದರು. ಥಾಯ್ಲೆಂಡ್ ಗಡಿಯ ಶಿಬಿರಗಳಿಂದ 3.6 ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಆ ಹೊತ್ತಿನಲ್ಲಿ ವಾಪಸ್ ಬಂದಿದ್ದರು. ಅವರಿಗೂ ಕಾರ್ಡ್ ಸಿಕ್ಕಿತು.

ನಿಜವಾದ ಕೆಲಸ ಶುರುವಾದದ್ದು ಕಾರ್ಡ್ ಕೊಟ್ಟ ಮೇಲೆ. ಕೆಲವು ಊರುಗಳಲ್ಲಿ ಸರ್ಕಾರಿ ಪಕ್ಷದ ಜನ ಮನೆಮನೆಗೆ ಹೋಗಿ ಕಾರ್ಡ್ ನಂಬರ್ ಬರೆದುಕೊಂಡು ಬಂದರು. ಬೇರೆ ಏನೂ ಮಾಡಬೇಕಿರಲಿಲ್ಲ. ನೀವು ಯಾರಿಗೆ ಹಾಕುತ್ತೀರಿ ನಮಗೆ ಗೊತ್ತಾಗುತ್ತದೆ ಎಂಬ ಮಾತು ತಾನಾಗಿಯೇ ಹರಡಿತು. ಆಕಾಶದಿಂದ ನೋಡುವ ಯಂತ್ರ ಇದೆಯಂತೆ ಎಂದೂ ಕೇಳಿದೆ. ಖಮೇರ್ ರೂಜ್ ನಾಯಕ ಪೋಲ್ ಪಾಟ್ ಆಳಿದ ಕಾಲದಲ್ಲಿ ಪಟ್ಟಿಯಲ್ಲಿ ಹೆಸರಿದ್ದ ಕಾರಣಕ್ಕೇ ಮನೆಯವರನ್ನು ಕಳೆದುಕೊಂಡ ಜನ ಅವರು. ಅಂಥವರಿಗೆ ಮತ ಗುಟ್ಟಾಗಿರುತ್ತದೆ ಎಂದು ಸುಮ್ನೆ ಬಾಯಲ್ಲಿ ಹೇಳಿದರೆ ನಂಬುತ್ತಾರಾ?

ಹಾಗಾಗಿ ಮಾಡಿಯೇ ತೋರಿಸುತ್ತಿದ್ದೆವು. ಹಳ್ಳಿಯಲ್ಲಿ ಅಣಕು ಮತದಾನ. ನನ್ನ ದುಭಾಷಿ ಹುಡುಗಿ ಒಂದು ಮೂಲೆಗೆ ಬಟ್ಟೆ ಕಟ್ಟುತ್ತಿದ್ದಳು. ಕ್ರಾಮ, ಅಂದರೆ ಅಲ್ಲಿನ ಚೌಕಳಿ ವಸ್ತ್ರ, ತಲೆಗೆ ಸುತ್ತಿಕೊಂಡ ಅಜ್ಜಿಯರನ್ನು "ಯೇಯ್ (ಖಮೇರ್ ಭಾಷೆಯಲ್ಲಿ ಅಜ್ಜಿ), ಬನ್ನಿ" ಎಂದು ಮೊದಲು ಕರೆಯುತ್ತಿದ್ದಳು. ಅವರು ಬಂದರೆ ಊರೇ ಬರುತ್ತಿತ್ತು. ಒಬ್ಬೊಬ್ಬರೇ ಒಳಗೆ ಹೋಗಿ, ಹಣ್ಣುಗಳ ಚಿತ್ರವಿದ್ದ ಚೀಟಿಗೆ ಗುರುತು ಹಾಕಿ, ಮಡಚಿ ಪೆಟ್ಟಿಗೆಗೆ ಹಾಕುವುದು. ಆಮೇಲೆ ಎಲ್ಲರ ಮುಂದೆ ಪೆಟ್ಟಿಗೆಯನ್ನು ಚಾಪೆಯ ಮೇಲೆ ಸುರಿದು, ಕೈಯಾಡಿಸಿ ಕಲೆಸಿ, "ಈಗ ನಿಮ್ಮ ಚೀಟಿ ಹುಡುಕಿ ಕೊಡಿ" ಎನ್ನುತ್ತಿದ್ದಳು. ಒಬ್ಬ ಅಜ್ಜಿ ಚೀಟಿಗಳನ್ನು ಒಂದೊಂದೇ ಬಿಡಿಸಿ, ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ ನೋಡಿದಳು. ಸಿಗಲಿಲ್ಲ. ಮಗನನ್ನು ಕರೆದು ಅವನ ಕೈಗೂ ಕೊಟ್ಟಳು. ಅವನಿಗೂ ಸಿಗಲಿಲ್ಲ. "ನನ್ನದು ನನಗೇ ಗೊತ್ತಾಗದ ಮೇಲೆ ಅವರಿಗೆ ಹೇಗೆ ಗೊತ್ತಾಗುತ್ತೆ" ಎಂದು ಅಕ್ಕಪಕ್ಕದವರಿಗೆ ಹೇಳಿದವಳು ಅವಳೇ. ಆ ಊರಿನಲ್ಲಿ ನಾನು ಬೇರೆ ಭಾಷಣ ಮಾಡಬೇಕಾಗಲಿಲ್ಲ.

ಇದರ ಜೊತೆಗೆ ವಿಶ್ವಸಂಸ್ಥೆ ನಡೆಸುತ್ತಿದ್ದ ರೇಡಿಯೋ ಇತ್ತು. ಜಪಾನಿನ ಜನ ಕಳಿಸಿದ ರೇಡಿಯೋ ಸೆಟ್ಟುಗಳನ್ನು ಹಳ್ಳಿಗಳಿಗೆ ಹಂಚಿದ್ದರು. ಎಲ್ಲ ಪಕ್ಷಗಳಿಗೂ ಅದರಲ್ಲಿ ಸಮಯ ಸಿಗುತ್ತಿತ್ತು. ಮತದ ಗುಟ್ಟಿನ ವಿಷಯವನ್ನು ದಿನವೂ ಹೇಳುತ್ತಿದ್ದರು. ಎಣಿಕೆಯನ್ನು ಹಳ್ಳಿಗಳಲ್ಲಿ ಮಾಡದೆ ಪ್ರಾಂತ್ಯದ ಕೇಂದ್ರದಲ್ಲಿ ಇಟ್ಟದ್ದೂ ದೊಡ್ಡ ಸಹಾಯ. ಆಮೇಲೆ ಇಡೀ ಊರಿನ ಮೇಲೆ ಸೇಡು ತೀರಿಸಿಕೊಳ್ಳುವುದು ಕಷ್ಟವಾಯಿತು.

ಏಪ್ರಿಲ್ ಕೆಟ್ಟ ತಿಂಗಳು. 1993ರ ಏಪ್ರಿಲ್ 8ರಂದು ಕೊಂಪಾಂಗ್ ಥಾಮ್‌ನಲ್ಲಿ ಜಪಾನಿನ ಸ್ವಯಂಸೇವಕ ಅತ್ಸುಹಿತೊ ನಕಾತಾ ಮತ್ತು ಅವರ ಕಾಂಬೋಡಿಯನ್ ದುಭಾಷಿ ಗುಂಡಿಗೆ ಬಲಿಯಾದರು. ನಕಾತಾಗೆ 25 ವರ್ಷ. ನಮ್ಮದೇ ಕೆಲಸ, ಪಕ್ಕದ ಪ್ರಾಂತ್ಯ. ಕೆಲವರು ಕೆಲಸ ಬಿಟ್ಟು ಹೊರಟರು. ಅವರನ್ನು ಹೇಡಿಗಳು ಎಂದವರ ಮೇಲೆ ನನಗೆ ಸಿಟ್ಟು ಬಂದಿತ್ತು. ಉಳಿದವರು ಹೆಲ್ಮೆಟ್, ಗುಂಡುನಿರೋಧಕ ಜಾಕೆಟ್ ಹಾಕಿಕೊಂಡೇ ಓಡಾಡಿದೆವು. ನನ್ನ ದುಭಾಷಿಗೆ ಬಿಟ್ಟು ಹೋಗುವುದಕ್ಕೆ ಬೇರೆ ದೇಶ ಇರಲಿಲ್ಲ. ಇಂಥ ಚುನಾವಣೆಗಳ ಬಗ್ಗೆ ಬರೆಯುವವರು ಈ ಸ್ಥಳೀಯ ಹುಡುಗ ಹುಡುಗಿಯರನ್ನು ಜಾಸ್ತಿ ನೆನೆಯುವುದಿಲ್ಲ.

ಮೇ 23, ಭಾನುವಾರ. ಗುಂಡಿನ ಸದ್ದಿಗೆ ಕಿವಿಗೊಟ್ಟುಕೊಂಡೇ ಮತಗಟ್ಟೆ ತೆರೆದೆ. ಆಗಲೇ ಉದ್ದ ಸಾಲು. ಮದುವೆಗೆ ಬಂದವರ ಹಾಗೆ ಒಳ್ಳೆ ಬಟ್ಟೆ ಉಟ್ಟಿದ್ದರು. ಮತದಾನ 28ರವರೆಗೆ, ಹಾಗಾಗಿ ಪೆಟ್ಟಿಗೆಗಳು ರಾತ್ರಿಯೂ ಇರುತ್ತಿದ್ದವು. ನಮ್ಮ ಮತಗಟ್ಟೆಯಲ್ಲಿ ಸಂಜೆ ಸೀಲ್ ಹಾಕಿ ನಂಬರನ್ನು ಗಟ್ಟಿಯಾಗಿ ಓದುತ್ತಿದ್ದೆ. ಎಲ್ಲ ಪಕ್ಷದ ಏಜೆಂಟರೂ ತಮ್ಮ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಮೊದಲ ಕೆಲಸ ಅದನ್ನು ತಾಳೆ ನೋಡುವುದು. ಒಂದು ಅಂಕಿ ಸರಿಯಾಗಿ ಕೇಳಿಸದಿದ್ದರೂ ಮತ್ತೆ ಓದುತ್ತಿದ್ದೆ. ಯುದ್ಧದಲ್ಲಿ ಎದುರುಬದುರು ನಿಂತಿದ್ದವರು ಒಂದೇ ಬೆಂಚಿನ ಮೇಲೆ ಕೂತು ಒಂದೇ ನಂಬರ್ ಬರೆದುಕೊಳ್ಳುವುದು ನನಗೆ ಮುಖ್ಯವಾಗಿತ್ತು. ಖಮೇರ್ ರೂಜ್ ದೊಡ್ಡ ದಾಳಿ ಮಾಡಲಿಲ್ಲ. ಕೆಲವು ಕಡೆ ಅವರ ಹಿಡಿತದ ಜಾಗಗಳಿಂದಲೂ ಜನ ಬಂದು ಮತ ಹಾಕಿದರು. ಒಟ್ಟು ಮತದಾನ ಶೇ. 89 ದಾಟಿತು.

120 ಸ್ಥಾನಗಳಲ್ಲಿ ಫುನ್‌ಸಿನ್‌ಪೆಕ್‌ಗೆ 58, ಹುನ್ ಸೆನ್ ಪಕ್ಷಕ್ಕೆ 51. ಅಂದರೆ ಜನ ಹೆದರಿಕೊಂಡೇ ಇದ್ದರೂ ತಮಗೆ ಬೇಕಾದವರಿಗೆ ಹಾಕಿದ್ದರು. ಸೋತ ಪಕ್ಷ ಫಲಿತಾಂಶ ಒಪ್ಪಲಿಲ್ಲ. ಪೂರ್ವದ ಪ್ರಾಂತ್ಯಗಳನ್ನು ಬೇರೆ ಮಾಡುತ್ತೇವೆ ಎಂಬ ಬೆದರಿಕೆಯೂ ಬಂತು. ಕೊನೆಗೆ ಫುನ್‌ಸಿನ್‌ಪೆಕ್ ನಾಯಕ, ಸಿಹಾನೂಕ್ ಮಗ ರಣರಿದ್ಧ್ ಒಂದನೇ ಪ್ರಧಾನಿ, ಹುನ್ ಸೆನ್ ಎರಡನೇ ಪ್ರಧಾನಿ ಎಂದು ರಾಜಿಯಾಯಿತು. ಸೇನೆ, ಪೊಲೀಸ್, ಊರಿನ ಮುಖ್ಯಸ್ಥರು ಹೆಚ್ಚಾಗಿ ಹಳೆಯವರೇ ಉಳಿದರು. 1997ರ ಜುಲೈನಲ್ಲಿ ಹುನ್ ಸೆನ್ ಬಂದೂಕಿನ ಬಲದಿಂದಲೇ ರಣರಿದ್ಧ್ ಅವರನ್ನು ಹೊರಹಾಕಿದರು.

ಪ್ಯಾರಿಸ್ ಒಪ್ಪಂದದಲ್ಲಿ ಮತದಾನಕ್ಕೆ ನಿಯಮ ಬೇಕಾದಷ್ಟಿದ್ದವು. ಸೋತವರು ಪೊಲೀಸ್ ಠಾಣೆ, ಖಜಾನೆ, ಪ್ರಾಂತ್ಯದ ಆಡಳಿತವನ್ನು ಯಾರಿಗೆ, ಯಾವಾಗ ಬಿಟ್ಟುಕೊಡಬೇಕು ಎಂಬುದಕ್ಕೆ ಅಂಥ ಬಿಗಿ ಇರಲಿಲ್ಲ. ಅಂತರ್ಯುದ್ಧ ನಿಂತಿದ್ದ ಆಫ್ರಿಕಾದ ಮೊಜಾಂಬಿಕ್‌ನಲ್ಲಿ ಸೈನಿಕರನ್ನು ಮನೆಗೆ ಕಳಿಸುವ ಕೆಲಸ ಮೊದಲು ಮುಗಿಯಲಿ ಎಂದು ಚುನಾವಣೆಯನ್ನು 1994ರ ಅಕ್ಟೋಬರ್‌ವರೆಗೆ ತಡೆದರು. ಅಲ್ಲಿ ಎರಡೂ ಕಡೆಯವರು ಆಯುಧ ಇಳಿಸಲು ಒಪ್ಪಿದ್ದರು, ಕಾಯುವುದಕ್ಕೆ ಅರ್ಥ ಇತ್ತು. ನಮಗೆ ಆ ದಾರಿ ಇರಲಿಲ್ಲ. ಇಂಥ ಕೆಲಸಕ್ಕೆ ಹೊರಟ ಕಿರಿಯರು ಸಲಹೆ ಕೇಳಿಕೊಂಡು ಬಂದರೆ ಮತಪೆಟ್ಟಿಗೆಯ ವಿಚಾರವನ್ನು ನಾನು ಆಮೇಲೆ ಹೇಳುತ್ತೇನೆ. ಮೊದಲು ಒಪ್ಪಂದದ ಪ್ರತಿ ತರಿಸಿ, ಅಧಿಕಾರ ಹಸ್ತಾಂತರದ ಪುಟ ಎಲ್ಲಿದೆ ಎಂದು ಕೇಳುತ್ತೇನೆ.