ಕ್ಯಾಮೆರಾ ಇರುವ ಕೋಣೆಗೆ ಸೆನ್ಸರ್ ಲೈಟ್: ಯಾವುದನ್ನು ತರಬೇಕು, ಎಲ್ಲಿ ಹಾಕಬೇಕು?

ತಿಪಟೂರು, ತುರುವೇಕೆರೆ ಕಡೆಯ ತೋಟದ ಮನೆಗಳಲ್ಲಿ ಕೊಬ್ಬರಿ ಅಟ್ಟಕ್ಕೆ ಈಗ ಬೀಗದ ಜೊತೆ ಕ್ಯಾಮೆರಾನೂ ಬರುತ್ತಿದೆ. ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತು ಕಾಯಿ ಕೊಬ್ಬರಿಯಾಗುವಷ್ಟರಲ್ಲಿ ಅದರಲ್ಲಿ ಎಷ್ಟು ದುಡ್ಡು ಸಿಕ್ಕಿಕೊಂಡಿರುತ್ತದೆ ಅಂತ ಬೆಳೆದವರಿಗೇ ಗೊತ್ತು. ತುಮಕೂರು ಮಂಡಿಪೇಟೆಯ ಗೋದಾಮಿಗೂ, ಅಂಗಡಿ ಹಿಂದಿನ ಸ್ಟಾಕ್ ರೂಮಿಗೂ ಇದೇ ಮಾತು. ಆದರೆ ರಾತ್ರಿಯ ರೆಕಾರ್ಡಿಂಗ್ ತೆಗೆದು ನೋಡಿದರೆ ಎಷ್ಟೋ ಸಲ ಕಾಣುವುದು ಬೂದುಬಣ್ಣದ ಒಬ್ಬ ಮನುಷ್ಯ, ಅಷ್ಟೇ. ಅಂಗಿ ಕೆಂಪೋ ಹಸಿರೋ ಹೇಳಲಾಗದು.

ಯಾರಾದರೂ ಒಳಗೆ ಕಾಲಿಟ್ಟ ಕೂಡಲೇ ತಾನಾಗಿ ಹತ್ತುವ ಲೈಟ್ ಇದಕ್ಕೆ ಒಳ್ಳೆಯ ಮದ್ದು. ಆದರೆ ಅದನ್ನು ಆರಿಸುವಾಗ ನಮ್ಮ ಕಣ್ಣಿಗೆ ಎಷ್ಟು ಬೆಳಕು ಬೇಕು ಅಂತ ಯೋಚಿಸಿದರೆ ಕೆಲಸ ಕೆಡುತ್ತದೆ. ನೋಡುವುದು ನಾವಲ್ಲ, ಕ್ಯಾಮೆರಾ.

ಹಂತ 1: ಅಂಗಡಿಗೆ ಹೋಗುವ ಮೊದಲು ಕತ್ತಲಲ್ಲಿ ಒಂದು ಪರೀಕ್ಷೆ

ರಾತ್ರಿ ಕೋಣೆಯ ಲೈಟೆಲ್ಲ ಆರಿಸಿ, ಮೊಬೈಲಿನಲ್ಲಿ ಕ್ಯಾಮೆರಾದ ಲೈವ್ ತೆರೆಯಿರಿ. ಚಿತ್ರ ಕಪ್ಪು ಬಿಳುಪಾಗಿರುತ್ತದೆ. ಕತ್ತಲಲ್ಲಿ ಕ್ಯಾಮೆರಾ ನೋಡುವುದು ತಾನೇ ಬಿಡುವ ಇನ್‌ಫ್ರಾರೆಡ್‌ನಿಂದ, ಅಂದರೆ ನಮ್ಮ ಕಣ್ಣಿಗೆ ಸರಿಯಾಗಿ ಕಾಣದ ಬೆಳಕಿನಿಂದ. ಲೆನ್ಸಿನ ಸುತ್ತ ಮಂದವಾದ ಕೆಂಪು ಚುಕ್ಕೆಗಳು ಕಂಡರೆ ಅದು 850 ನ್ಯಾನೋಮೀಟರಿನ ಇನ್‌ಫ್ರಾರೆಡ್. ಏನೂ ಕಾಣದಿದ್ದರೆ 940 ಇರಬಹುದು. ಇದು ಕಳ್ಳನ ಕಣ್ಣಿಗೆ ಬೀಳುವುದಿಲ್ಲ, ಆದರೆ ಅಷ್ಟು ದೂರಕ್ಕೆ ಮುಟ್ಟುವುದೂ ಇಲ್ಲ.

ಈಗ ಒಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿ, ಕೋಣೆಯ ಮಾಮೂಲಿ ಬಲ್ಬ್ ಹಾಕಿಸಿ. ಚಿತ್ರ ಒಮ್ಮೆ ಬೆಳ್ಳಗೆ ಸುಟ್ಟಂತಾಗುತ್ತದೆ. ಕ್ಯಾಮೆರಾ ಹತ್ತಿರವಿದ್ದರೆ 'ಟಿಕ್' ಅಂತ ಸಣ್ಣ ಸದ್ದು ಕೇಳುತ್ತದೆ. ಬಣ್ಣ ಸರಿಯಾಗಿ ಬರಲಿ ಅಂತ ಇನ್‌ಫ್ರಾರೆಡ್ ತಡೆಯುವ ಒಳಗಿನ ಫಿಲ್ಟರ್ ಸರಿದು ಲೆನ್ಸಿಗೆ ಅಡ್ಡ ಬಂದ ಸದ್ದು ಅದು. ಆಮೇಲೆ ಬಣ್ಣ ಬಂದು ಮುಖ ತಿಳಿಯಾಗುತ್ತದೆ. ಲೈಟ್ ಹತ್ತಿದಾಗಿನಿಂದ ಮುಖ ತಿಳಿಯಾಗುವ ತನಕ ಎಷ್ಟು ಸೆಕೆಂಡ್ ಹಿಡಿಯಿತು, ಎಣಿಸಿಕೊಳ್ಳಿ. ಒಂದೇ ಆಗಬಹುದು, ನಾಲ್ಕೈದೂ ಆಗಬಹುದು. ಬಂದವನು ಕ್ಯಾಮೆರಾಗೆ ಮುಖ ಕೊಡುವ ಜಾಗಕ್ಕೆ ತಲುಪುವ ಮೊದಲೇ ಈ ಸೆಕೆಂಡುಗಳು ಮುಗಿದಿರಬೇಕು. ಸೆನ್ಸರ್ ಎಲ್ಲಿ ಕೂರಬೇಕು ಅನ್ನುವುದನ್ನು ತೀರ್ಮಾನಿಸುವುದು ಇದೇ ಲೆಕ್ಕ. ವಾಟ್, ಬೆಲೆ ಎಲ್ಲ ಆಮೇಲೆ.

ಕ್ಯಾಮೆರಾ ಇನ್ನೂ ತಂದಿಲ್ಲವಾ? ಹಾಗಿದ್ದರೆ ಮನುಷ್ಯರನ್ನು ಗುರುತಿಸಿ ತನ್ನದೇ ಬಿಳಿ ಲೈಟ್ ಹಾಕಿಕೊಳ್ಳುವ ಕ್ಯಾಮೆರಾಗಳು ಸಿಗುತ್ತವೆ, ಅದನ್ನೇ ತನ್ನಿ. ಸಣ್ಣ ಕೋಣೆಗೆ ಅದು ಸಾಕು, ಮುಂದಿನ ಅರ್ಧ ಲೇಖನ ನಿಮಗೆ ಬೇಕಾಗುವುದಿಲ್ಲ.

ಹಂತ 2: ಸೆನ್ಸರ್ ಯಾವ ಜಾತಿ?

ಮಾರುಕಟ್ಟೆಯಲ್ಲಿ ಎರಡು ಬಗೆ. ಒಂದು ಪಿಐಆರ್, ಇನ್ನೊಂದು ಮೈಕ್ರೋವೇವ್. ಕೆಲವರು ಎರಡನೆಯದನ್ನು ರೇಡಾರ್ ಅಂತಲೂ ಕರೆಯುತ್ತಾರೆ.

ಪಿಐಆರ್ ತಾನೇನೂ ಹೊರಗೆ ಬಿಡುವುದಿಲ್ಲ. ಮೈಯ ಶಾಖ ಅದರ ಮುಂದೆ ಅತ್ತಿತ್ತ ಸರಿದರೆ ಗುರುತಿಸುತ್ತದೆ. ಗೋಡೆ, ಗಾಜು ಅಡ್ಡ ಇದ್ದರೆ ಆಚೆಯದ್ದು ಅದಕ್ಕೆ ಗೊತ್ತಾಗದು. ಆದ್ದರಿಂದ ರಸ್ತೆಯಲ್ಲಿ ಹೋಗುವವರಿಗೆಲ್ಲ ಲೈಟ್ ಹತ್ತುವುದಿಲ್ಲ. ಇದರ ದೌರ್ಬಲ್ಯ ಬೇಸಿಗೆ. ಏಪ್ರಿಲ್‌ನಲ್ಲಿ ಶೀಟ್ ಚಾವಣಿಯ ಕೋಣೆ ಕತ್ತಲಾದ ಮೇಲೂ ಕಾದೇ ಇರುತ್ತದೆ. ಕೋಣೆಯ ಬಿಸಿಗೂ ಮೈಯ ಬಿಸಿಗೂ ವ್ಯತ್ಯಾಸ ಕಮ್ಮಿಯಾದಷ್ಟೂ ಸೆನ್ಸರ್ ಮಂದವಾಗುತ್ತದೆ.

ಮೈಕ್ರೋವೇವ್‌ಗೆ ಸೆಕೆಯ ಹಂಗಿಲ್ಲ. ಸಾಮಾನ್ಯವಾಗಿ 5.8 ಗಿಗಾಹರ್ಟ್ಸ್ ತರಂಗ ಬಿಟ್ಟು, ಅದು ತಿರುಗಿ ಬರುವ ರೀತಿಯಿಂದ ಚಲನೆ ತಿಳಿಯುತ್ತದೆ. ಆದರೆ ಇದರ ಕೈ ಬಹಳ ಉದ್ದ. ಗಾಜು, ತೆಳು ಹಲಗೆ ದಾಟಿ ಹೋಗುತ್ತದೆ. ಫ್ಯಾನ್ ತಿರುಗಿದರೂ ಹತ್ತುತ್ತದೆ, ಕಿಟಕಿಯಾಚೆ ಬೈಕ್ ಹೋದರೂ ಹತ್ತುತ್ತದೆ. ಬಂದುಹೋಗುವವರು ಜಾಸ್ತಿ ಇರುವ ಅಂಗಡಿ ಸಾಲಿನಲ್ಲಿ ಇದನ್ನು ಹಾಕಿದರೆ ರಾತ್ರಿಯಿಡೀ ಲೈಟ್ ಹತ್ತಿ ಆರಿ ಆಗುತ್ತಿರುತ್ತದೆ.

ನನ್ನನ್ನು ಕೇಳಿದರೆ ಮನೆ, ಅಂಗಡಿ, ಆಫೀಸಿಗೆ ಪಿಐಆರ್. ಸುತ್ತ ದಪ್ಪ ಗೋಡೆ, ಮೇಲೆ ತಗಡು, ಫ್ಯಾನ್ ಇಲ್ಲ, ಅಕ್ಕಪಕ್ಕ ಓಡಾಟವಿಲ್ಲ ಅನ್ನುವಂಥ ಗೋದಾಮಿಗೆ ಮಾತ್ರ ಮೈಕ್ರೋವೇವ್.

ಹಂತ 3: ಬಲ್ಬ್

ಎಲ್ಇಡಿಯೇ ಆಗಬೇಕು. ಸಿಎಫ್ಎಲ್ ಪೂರ್ತಿ ಬೆಳಕಿಗೆ ಬರಲು ಹೊತ್ತು ಹಿಡಿಯುತ್ತದೆ, ಪದೇ ಪದೇ ಹತ್ತಿಸಿದರೆ ಬೇಗ ಹೋಗುತ್ತದೆ. ಹ್ಯಾಲೊಜೆನ್ ವಿಪರೀತ ಕಾಯುತ್ತದೆ, ಕಾಯಿಸಿಪ್ಪೆ ನಾರು ಇರುವ ಜಾಗಕ್ಕೆ ಅದನ್ನು ಹತ್ತಿರವೂ ಸೇರಿಸಬೇಡಿ. ಹತ್ತು ಹನ್ನೆರಡು ಅಡಿ ಕೋಣೆಗೆ ಸುಮಾರು 900 ಲ್ಯೂಮೆನ್ ಕೊಡುವ 9 ವಾಟ್ ಬಲ್ಬ್ ಸಾಕು. ಇದಕ್ಕಿಂತ ಜಾಸ್ತಿ ಹಾಕಿದರೆ ಹತ್ತಿರ ಬಂದವನ ಮುಖ ಬಿಳಿಚಿಕೊಂಡು ಮೂಗು ಕಣ್ಣು ಅಳಿಸಿಹೋಗುತ್ತದೆ. ಬಣ್ಣ ಸರಿಯಾಗಿ ಬರಬೇಕೆಂದರೆ 4000 ಕೆಲ್ವಿನ್ ಆಸುಪಾಸಿನ, ಅಂದರೆ ತೀರಾ ಹಳದಿಯೂ ಅಲ್ಲದ ತೀರಾ ನೀಲಿಯೂ ಅಲ್ಲದ ಬಿಳಿ ಬೆಳಕು ಒಳ್ಳೆಯದು. ಸೆನ್ಸರ್ ಒಳಗೇ ಇರುವ ಬಲ್ಬ್ ಮಾಮೂಲಿ ಹೋಲ್ಡರಿಗೇ ಕೂರುತ್ತದೆ, ಹೋಲ್ಡರ್ ಸರಿಯಾದ ಜಾಗದಲ್ಲಿದ್ದರೆ ಅದೇ ಸುಲಭ.

ಹಂತ 4: ಜಾಗ

ಲೈಟ್ ಯಾವಾಗಲೂ ಕ್ಯಾಮೆರಾದ ಬೆನ್ನಿಗೆ ಅಥವಾ ಪಕ್ಕಕ್ಕೆ ಇರಲಿ. ಕ್ಯಾಮೆರಾಗೆ ಎದುರಾಗಿ ಹಾಕಿದರೆ ಬಂದವನು ಬರೀ ಕಪ್ಪು ನೆರಳು. ಗುಂಡನೆಯ ಗಾಜಿನ ಮುಚ್ಚಳದ ಡೋಮ್ ಕ್ಯಾಮೆರಾ ಆದರೆ ತೀರಾ ಹತ್ತಿರವೂ ಬೇಡ, ಗಾಜಿನಲ್ಲಿ ಬೆಳಕು ಹೊಳೆದು ಚಿತ್ರ ಮಂಜಾಗುತ್ತದೆ.

ಪಿಐಆರ್ ಸೆನ್ಸರನ್ನು ಏಳೆಂಟು ಅಡಿ ಎತ್ತರದಲ್ಲಿ, ಬಾಗಿಲಿನ ಪಕ್ಕದ ಗೋಡೆಗೆ ಹಾಕಿ. ನೆಟ್ಟಗೆ ತನ್ನ ಕಡೆಗೇ ಬರುವವರಿಗಿಂತ ಅಡ್ಡ ಹಾಯುವವರನ್ನು ಅದು ಬೇಗ ಹಿಡಿಯುತ್ತದೆ. ಬಿಸಿಲು ಬೀಳುವ ಕಿಟಕಿ, ಫ್ರಿಜ್ಜಿನ ಹಿಂಭಾಗ, ಒಲೆ ಎದುರಿಗೆ ಬೇಡ. ಕೊಬ್ಬರಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು ಇದ್ದದ್ದೇ ಅಲ್ವಾ? ಸೆನ್ಸರಿನ ಗುಂಡನೆಯ ಬಿಳಿ ಮುಚ್ಚಳದ ಕೆಳಭಾಗಕ್ಕೆ ಒಂದು ಪಟ್ಟಿ ಇನ್ಸುಲೇಷನ್ ಟೇಪ್ ಅಂಟಿಸಿ. ನೆಲದ ಮೇಲೆ ಓಡಾಡುವುದು ಬಹುಪಾಲು ಕಾಣುವುದಿಲ್ಲ, ನಿಂತ ಮನುಷ್ಯ ಕಾಣುತ್ತಾನೆ. ತೊಲೆ, ಅಟ್ಟದ ಅಂಚು ಅದರ ಎತ್ತರಕ್ಕೇ ಇದ್ದರೆ ಮಾತ್ರ ಈ ಉಪಾಯ ನಡೆಯದು, ಇಲಿ ಅಲ್ಲೇ ಹಾಯುತ್ತದೆ.

ವೈರಿಂಗ್ ಎಲೆಕ್ಟ್ರಿಷಿಯನ್‌ಗೆ ಬಿಡಿ. ಸೆನ್ಸರಿಗೆ ಫೇಸ್, ನ್ಯೂಟ್ರಲ್ ಎರಡೂ ಬೇಕು, ಬಲ್ಬಿಗೆ ಹೋಗುವ ವೈರ್ ಮೂರನೆಯದು. ಸ್ವಿಚ್ ಬೋರ್ಡಿನಲ್ಲಿ ನ್ಯೂಟ್ರಲ್ ಇದೆಯಾ ಅಂತ ಮೊದಲೇ ಕೇಳಿ.

ಹಂತ 5: ಮೂರು ತಿರುಪು, ಎರಡು ಸೆಟ್ಟಿಂಗ್

ಸೆನ್ಸರಿನ ಮೇಲೆ ಲಕ್ಸ್ (ಎಷ್ಟು ಕತ್ತಲಾದ ಮೇಲೆ ಹತ್ತಬೇಕು), ಟೈಮ್ (ಎಷ್ಟು ಹೊತ್ತು ಉರಿಯಬೇಕು), ಸೆನ್ಸ್ (ಎಷ್ಟು ಸೂಕ್ಷ್ಮವಾಗಿ ಗುರುತಿಸಬೇಕು) ಅಂತ ತಿರುಪುಗಳಿರುತ್ತವೆ. ಎಲ್ಲದರಲ್ಲೂ ಮೂರೂ ಇರುವುದಿಲ್ಲ. ಕರೆಂಟ್ ಕೊಟ್ಟ ಮೇಲೆ ಒಂದು ನಿಮಿಷ ಸುಮ್ನೆ ಬಿಡಿ, ಅದು ಸಿದ್ಧವಾಗಲು ಅಷ್ಟು ಹೊತ್ತು ಬೇಕು. ಲಕ್ಸನ್ನು ಸೂರ್ಯನ ಗುರುತಿಗೆ, ಟೈಮನ್ನು ತೀರಾ ಕಮ್ಮಿಗೆ ಇಟ್ಟು ಹಗಲಲ್ಲೇ ನಡೆದು ನೋಡಿ. ಸರಿಯಾದ ಮೇಲೆ ಲಕ್ಸನ್ನು ಚಂದ್ರನ ಕಡೆಗೂ, ಟೈಮನ್ನು ಎರಡು ಮೂರು ನಿಮಿಷಕ್ಕೂ ತಿರುಗಿಸಿ. ತೀರಾ ಬೇಗ ಆರಿದರೆ ಕ್ಯಾಮೆರಾ ಬಣ್ಣಕ್ಕೂ ಕಪ್ಪು ಬಿಳುಪಿಗೂ ಹೊಯ್ದಾಡುತ್ತಲೇ ಇರುತ್ತದೆ.

ಕ್ಯಾಮೆರಾ ಆ್ಯಪಿನಲ್ಲಿ ಎರಡು ಕೆಲಸ. ಫ್ಲಿಕರ್ ಅನ್ನುವ ಕಡೆ 60 ಹರ್ಟ್ಸ್ ಇದ್ದರೆ 50 ಮಾಡಿ. ನಮ್ಮ ಕರೆಂಟ್ 50ರದ್ದು, ಇಲ್ಲದಿದ್ದರೆ ಚಿತ್ರದ ಮೇಲೆ ಪಟ್ಟೆಗಳು ಹರಿದಾಡಬಹುದು. ಆಮೇಲೆ, ಲೈಟ್ ಹತ್ತುವುದನ್ನೇ ಕ್ಯಾಮೆರಾ ಚಲನೆ ಅಂದುಕೊಂಡು ಮೊಬೈಲಿಗೆ ಅಲರ್ಟ್ ಕಳಿಸುತ್ತದೆ. ಬೆಕ್ಕಿಗೆ ಹತ್ತಿದಾಗ ಒಂದು, ಆರಿದಾಗ ಇನ್ನೊಂದು. ಬೇಸತ್ತು ಅಲರ್ಟನ್ನೇ ಬಂದ್ ಮಾಡಿಬಿಡುತ್ತೇವೆ. ಮನುಷ್ಯರನ್ನು ಮಾತ್ರ ಗುರುತಿಸುವ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ.

ಇನ್ನು ಕರೆಂಟ್ ಹೋದಾಗ? ಕ್ಯಾಮೆರಾ ಯುಪಿಎಸ್ ಮೇಲಿದ್ದು ಲೈಟ್ ಮಾತ್ರ ಮೈನ್ಸ್ ಮೇಲಿದ್ದರೆ ಆ ಹೊತ್ತಿಗೆ ಮತ್ತೆ ಬೂದು ಮನುಷ್ಯನೇ. ಎರಡನ್ನೂ ಒಂದೇ ಯುಪಿಎಸ್‌ಗೆ ಹಾಕಿಸಿ, 9 ವಾಟ್ ಅದಕ್ಕೆ ಭಾರವೇನಲ್ಲ.